ರಾಗ ಹಾಕದೆ ಓದುವುದು: ಮನೆಯಲ್ಲೇ ಕಾವ್ಯವಾಚನವನ್ನು ಧ್ವನಿಮುದ್ರಿಸಿಕೊಂಡ ಅನುಭವ

ಬಿಡುವಿನಲ್ಲಿ ಕನ್ನಡ ಕವಿತೆಗಳನ್ನು ಮನೆಯಲ್ಲೇ ಧ್ವನಿಮುದ್ರಿಸಿಕೊಳ್ಳುತ್ತೇನೆ ಎಂದು ಯಾರಿಗಾದರೂ ಹೇಳಿದರೆ ಅವರು ಕೇಳುವ ಮೊದಲ ಪ್ರಶ್ನೆ ‘ಯಾವ ರಾಗದಲ್ಲಿ?’ ಎಂಬುದು. ಹಾಡುವುದಿಲ್ಲ, ಸುಮ್ಮನೆ ಓದುತ್ತೇನೆ ಎಂದರೆ ಸ್ವಲ್ಪ ನಿರಾಸೆಯಾಗುತ್ತದೆ. ‘ಓದೋದಾದರೆ ಪುಸ್ತಕವೇ ಇದೆಯಲ್ಲ’ ಎಂದು ನೇರವಾಗಿ ಹೇಳಿದವರೂ ಇದ್ದಾರೆ. ಅವರನ್ನು ದೂರುವಂತಿಲ್ಲ. ನಮ್ಮಲ್ಲಿ ಕವಿತೆ ಕಿವಿಗೆ ಬಿದ್ದಿರುವುದು ಬಹುಮಟ್ಟಿಗೆ ಎರಡು ದಾರಿಗಳಲ್ಲಿ. ಒಂದು, ಹಳೆಯ ಕಾವ್ಯಗಳನ್ನು ರಾಗದಲ್ಲಿ ವಾಚಿಸುವ ಗಮಕ; ಇನ್ನೊಂದು, ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಮನೆಮನೆಗೆ ಮುಟ್ಟಿಸಿದ ಸುಗಮ ಸಂಗೀತ. ಎರಡರಲ್ಲಿಯೂ ರಾಗವಿದೆ. ರಾಗವಿಲ್ಲದ ಓದು ಸಿಗುವುದು ಶಾಲೆಯ ತರಗತಿಯಲ್ಲಿ, ಬಿಟ್ಟರೆ ಕವಿಗೋಷ್ಠಿಗಳಲ್ಲಿ. ದಸರಾ ಕವಿಗೋಷ್ಠಿಯಂಥ ಕಡೆ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ, ಸಭೆಯ ಮುಖ ನೋಡಿ, ಚಪ್ಪಾಳೆಗೆ ಜಾಗ ಬಿಟ್ಟು ಮುಂದೆ ಹೋಗುವುದು ವಾಡಿಕೆ. ಅದು ಸಭೆಗೆ ಸರಿ. ನನಗೆ ಬೇಕಾಗಿದ್ದದ್ದು ಎದುರಿಗೆ ಒಬ್ಬರೇ ಕೂತಿರುವಾಗ, ಅವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ, ಕವಿತೆಯ ಅರ್ಥ ಎಲ್ಲಿ ಹೊರಳುತ್ತದೋ ಅಲ್ಲಿ ದನಿಯೂ ಹೊರಳುವಂಥ ಓದು. ಅಂಥದ್ದನ್ನು ಹುಡುಕಿ ಸಾಕಾಗಿ, ನಾನೇ ಓದಿ ನೋಡೋಣವೆಂದು ಶುರು ಮಾಡಿದೆ.

ನಾನು ಮೈಸೂರಿನಲ್ಲಿ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕನ್ನಡ ನನ್ನ ವೃತ್ತಿಯಲ್ಲ, ಸಂಗೀತ ಕಲಿತವಳೂ ಅಲ್ಲ. ಮನೆಯಲ್ಲಿ ಕೂತು ಧ್ವನಿಯ ಕೆಲಸ ಮಾಡುವುದಕ್ಕೆ ಈ ಊರಿನಲ್ಲಿ ಒಂದು ಹಿರಿಯ ಮೇಲ್ಪಂಕ್ತಿ ಇದೆ ಎಂಬುದು ಮಾತ್ರ ನನಗೆ ಧೈರ್ಯ ಕೊಟ್ಟಿತು. 1935ರ ಸೆಪ್ಟೆಂಬರಿನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಯಂತ್ರವೊಂದನ್ನಿಟ್ಟು ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಮನೆಯಿಂದಲೇ. ಅವರ ಮನೆಗೂ ನಮ್ಮ ಮನೆಗೂ ಹೋಲಿಕೆಯಿಲ್ಲ, ಆದರೆ ರಸ್ತೆಯ ಸದ್ದು, ಅಡುಗೆಮನೆಯ ಸದ್ದು ಅವರನ್ನೂ ಕಾಡಿರಬೇಕೆಂದು ಅಂದುಕೊಳ್ಳುವುದು ಈಗಲೂ ಒಂದು ಸಮಾಧಾನ.

ಸದ್ದಿನ ವಿಷಯವೇ ಮೊದಲು ಬಂದದ್ದು. ನಮ್ಮದು ಮೊಸಾಯಿಕ್ ನೆಲದ, ಎತ್ತರದ ತಾರಸಿಯ ಹಳೆಯ ಮನೆ. ನಡುಮನೆಯಲ್ಲಿ ಕೂತು ಫೋನಿನಲ್ಲಿ ಓದಿ ಕೇಳಿದಾಗ ನನ್ನ ದನಿ ಯಾವುದೋ ಸಮುದಾಯ ಭವನದಿಂದ ಬಂದ ಹಾಗಿತ್ತು. ಒಂದು ಚಪ್ಪಾಳೆ ತಟ್ಟಿ ಕೇಳಿದರೆ ಕಾರಣ ಗೊತ್ತಾಗುತ್ತದೆ: ಎದುರುಬದುರು ಗೋಡೆಗಳ ನಡುವೆ ಆ ಸದ್ದು ಪುಟಿದು ಪುಟಿದು ‘ಟರ್‍ರ್’ ಎಂದು ನಡುಗಿ ನಿಲ್ಲುತ್ತದೆ. ಮಾತಾಡುವಾಗ ನಮ್ಮ ಕಿವಿ ಇದನ್ನು ತಾನಾಗಿಯೇ ಕಳೆದು ಕೇಳುತ್ತದೆ, ಮೈಕಿಗೆ ಆ ವಿವೇಕವಿಲ್ಲ. ಆದ್ದರಿಂದ ಕೈಯಲ್ಲಿ ಫೋನು ಹಿಡಿದು, ಒಂದೊಂದು ಕೋಣೆಯಲ್ಲೂ ಚಪ್ಪಾಳೆ ತಟ್ಟುತ್ತ ಮನೆಯೆಲ್ಲ ಸುತ್ತಿದೆ. ಮನೆಯವರು ‘ಯಾವ ವ್ರತ ಇದು?’ ಎಂದು ಕೇಳಿದರು. ದೇವರ ಮನೆ ಚಿಕ್ಕದಾದರೂ ಗ್ರಾನೈಟ್ ಕಲ್ಲಿನದ್ದು, ಅದರಲ್ಲಿ ಓದಿದರೆ ಬಾವಿಯೊಳಗೆ ಕೂತಂತೆ ಕೇಳಿಸುತ್ತದೆ. ಚಪ್ಪಾಳೆ ಒಣಗಿದ ಹಾಗೆ ಕೇಳಿಸಿದ್ದು ಒಂದೇ ಜಾಗದಲ್ಲಿ: ಒಳಕೋಣೆಯಲ್ಲಿ ಮಂಚಕ್ಕೂ ಬೀರುವಿಗೂ ನಡುವಿನ ಮೂಲೆಯಲ್ಲಿ, ಬೀರುವಿನ ಎರಡೂ ಬಾಗಿಲು ತೆರೆದಿಟ್ಟಾಗ. ಒಳಗೆ ಮಡಚಿ ಜೋಡಿಸಿದ ಸೀರೆಗಳು, ಎದುರಿಗೆ ಹತ್ತಿಯ ಹಾಸಿಗೆ. ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅತ್ತೆಯವರ ಕಾಲದ ಎರಡು ಕೌದಿಗಳನ್ನು ಬಾಗಿಲಿಗೂ ಕಿಟಕಿಗೂ ಇಳಿಬಿಟ್ಟ ಮೇಲೆ ಆ ಮೂಲೆ ನನ್ನ ಸ್ಟುಡಿಯೋ ಆಯಿತು. ಬಟ್ಟೆ ಹೀರಿಕೊಳ್ಳುವುದು ಎತ್ತರದ ಕಂಪನಗಳನ್ನು. ತಗ್ಗಿನ, ಗುಮ್ಮೆನ್ನುವ ಕಂಪನಗಳಿಗೆ ದಪ್ಪ ಹಾಸಿಗೆಯೇ ಬೇಕು. ತೆಳುವಾದ ಪರದೆ ಕಟ್ಟಿದರೆ ಸಾಕೆಂದು ಹೇಳುವವರ ಮಾತು ಅರ್ಧ ಮಾತ್ರ ನಿಜ.

ಇಷ್ಟಾದರೆ ಒಳಗಿನ ಮಾರ್ದನಿ ಹೋಗುತ್ತದೆ, ಹೊರಗಿನ ಸದ್ದು ಹೋಗುವುದಿಲ್ಲ; ಕೌದಿ ಅದನ್ನು ತಡೆಯಲಾರದು. ಆದ್ದರಿಂದ ಉಳಿದದ್ದು ಹೊತ್ತನ್ನು ಆರಿಸಿಕೊಳ್ಳುವ ಕೆಲಸ. ಬೆಳಗಿನ ಜಾವ ಶಾಂತವೆಂಬುದು ಕೇಳುವುದನ್ನು ಅಭ್ಯಾಸ ಮಾಡದವರ ನಂಬಿಕೆ. ಬೇಸಗೆಯಲ್ಲಿ ಕೋಗಿಲೆ ಬೆಳಕು ಹರಿಯುವ ಮುಂಚೆಯೇ ಶುರುಮಾಡುತ್ತದೆ, ಆಮೇಲೆ ದೇವಸ್ಥಾನದ ಸುಪ್ರಭಾತ, ಹಾಲಿನ ಗಾಡಿ, ಕಸದ ಗಾಡಿಯವರ ಸೀಟಿ, ಹೂವಿನವಳ ಕೂಗು, ಅಕ್ಕಪಕ್ಕದ ಮನೆಗಳ ಕುಕ್ಕರು. ನಮ್ಮ ಬೀದಿಯಲ್ಲಿ ನಿಜವಾಗಿ ಸದ್ದಡಗುವುದು ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದ ಮೇಲೆ, ಸಂಜೆಯ ಕಾಫಿಯ ಹೊತ್ತಿನವರೆಗೆ. ನನಗೆ ಅದು ಸಿಗುವುದು ಭಾನುವಾರ ಮತ್ತು ರಜೆಯ ದಿನಗಳಲ್ಲಿ ಮಾತ್ರ. ಮನೆಯೊಳಗಿನ ಗುಂಯ್ಗುಡುವ ಸದ್ದುಗಳು ಬೇರೆ. ಫ್ಯಾನು ಆರಿಸಲೇಬೇಕು, ಏಪ್ರಿಲ್ ತಿಂಗಳಲ್ಲಿ ಎರಡು ಕೌದಿಗಳ ನಡುವೆ ಅದೊಂದು ಪರೀಕ್ಷೆಯೇ. ಫ್ರಿಜ್ಜಿನ ಪ್ಲಗ್ಗು ತೆಗೆಯಬೇಕು. ಅದನ್ನು ಮತ್ತೆ ಹಾಕಲು ಮರೆಯದಿರುವಂತೆ ಸ್ಕೂಟರಿನ ಬೀಗದ ಕೈಯನ್ನು ಫ್ರಿಜ್ಜಿನೊಳಗೆ ಇಡುವುದು ಧ್ವನಿಮುದ್ರಣ ಮಾಡುವವರಲ್ಲಿ ಬಳಕೆಯಲ್ಲಿರುವ ಉಪಾಯ, ನನಗೂ ಅದು ಒಗ್ಗಿತು. ಇನ್ವರ್ಟರಿನ ಗುಂಯ್ಗುಡುವಿಕೆ ಕಿವಿಗೆ ಬೀಳದಿದ್ದರೂ ಮೈಕಿಗೆ ಬೀಳುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದ್ದಾದ್ದರಿಂದ ಅದರ ಗುಣಕಗಳಾದ 100, 150ರಲ್ಲೂ ಸಣ್ಣ ಗುಡುಗು ಉಳಿಯುತ್ತದೆ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲಿ ನಡೆಸಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ.

ಮೈಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಆ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ, ಕವಿತೆ ಓದುವವರಿಗೆ ಅದು ಅಷ್ಟು ಮುಖ್ಯವೂ ಅಲ್ಲ. ಮೊದಲು ಫೋನಿನಲ್ಲೇ ಮಾಡಿದೆ, ಆಮೇಲೆ ಯುಎಸ್‌ಬಿಗೆ ಸಿಕ್ಕಿಸುವ ಒಂದು ಸಾಧಾರಣ ಕಂಡೆನ್ಸರ್ ಮೈಕು ತಂದೆ. ಅದು ಎದುರಿನ ದನಿಯನ್ನು ಹೆಚ್ಚಾಗಿ, ಬೆನ್ನಿನ ಕಡೆಯದನ್ನು ಕಡಿಮೆಯಾಗಿ ಹಿಡಿಯುವ ಕಾರ್ಡಿಯಾಯ್ಡ್ ಬಗೆಯದು. ಆದ್ದರಿಂದ ಅದರ ಬೆನ್ನನ್ನು ಕಿಟಕಿಗೆ ಮಾಡಿ ಇಡುತ್ತೇನೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ. ಅದಕ್ಕಿಂತ ಹತ್ತಿರ ಹೋದರೆ ಇಂಥ ಮೈಕುಗಳು ತಗ್ಗಿನ ಸ್ವರವನ್ನು ಉಬ್ಬಿಸಿ, ಯಾರು ಓದಿದರೂ ಜಾಹೀರಾತಿನ ಗಂಭೀರ ದನಿಯಂತೆ ಕೇಳಿಸುತ್ತದೆ. ಮೊದಮೊದಲು ಅದು ಹಿತವೆನಿಸುವುದುಂಟು, ಎರಡು ಕವಿತೆ ಕೇಳುವಷ್ಟರಲ್ಲಿ ಬೇಸರ ಬರುತ್ತದೆ. ಕನ್ನಡ ಓದುವವರಿಗೆ ಇರುವ ವಿಶೇಷ ತೊಂದರೆ ಮಹಾಪ್ರಾಣಗಳದ್ದು. ‘ಭ’, ‘ಫ’, ‘ಧ’ಗಳನ್ನು ಶುದ್ಧವಾಗಿ ಉಚ್ಚರಿಸಬೇಕೆಂದು ಹೊರಟಷ್ಟೂ ಮೈಕಿನ ಮೇಲೆ ಉಸಿರು ಬಡಿದು ‘ಧಪ್’ ಎನ್ನುತ್ತದೆ. ಕಸೂತಿಯ ಮರದ ಬಳೆಗೆ ತೆಳುವಾದ ನೈಲಾನ್ ಕಾಲುಚೀಲವನ್ನು ಬಿಗಿದು ಮೈಕಿನ ಮುಂದೆ ನಿಲ್ಲಿಸಿದರೆ ಅರ್ಧ ಪರಿಹಾರ. ಮೈಕನ್ನು ಬಾಯಿಯ ನೇರಕ್ಕಿಡದೆ ಕೆನ್ನೆಯ ಕಡೆಗೆ ಓರೆಯಾಗಿಟ್ಟರೆ ಇನ್ನರ್ಧ.

ಪುಸ್ತಕ ಎಲ್ಲಿಡಬೇಕೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆಯಾಯಿತು. ಮಡಿಲಲ್ಲಿಟ್ಟುಕೊಂಡು ಓದಿದರೆ ತಲೆ ಬಗ್ಗಿ ಗಂಟಲು ಅಮುಕುತ್ತದೆ. ಕೈಯಲ್ಲಿ ಹಿಡಿದರೆ ಹಾಳೆ ಸರಪರ ಎನ್ನುತ್ತದೆ. ಮನೆಯಲ್ಲಿದ್ದ ವ್ಯಾಸಪೀಠವನ್ನು ಎತ್ತರದ ಸ್ಟೂಲಿನ ಮೇಲಿಟ್ಟು ನೋಡಿದೆ. ಎತ್ತರ ಸರಿಹೋಯಿತು, ಆದರೆ ಅದರ ಮರದ ಹಲಗೆಗೆ ದನಿ ಬಡಿದು ಮೈಕಿಗೆ ವಾಪಸಾಗುತ್ತಿದ್ದುದರಿಂದ ಮೇಲೊಂದು ಟವಲು ಹಾಸಬೇಕಾಯಿತು. ಈಗ ಪುಸ್ತಕವನ್ನೇ ಇಡುವುದಿಲ್ಲ. ಕವಿತೆಯನ್ನು ಬಿಡಿ ಹಾಳೆಗಳ ಮೇಲೆ ದಪ್ಪಕ್ಷರದಲ್ಲಿ ಕೈಯಾರೆ ಬರೆದುಕೊಂಡು, ಮಗುಚುವ ಅಗತ್ಯ ಬಾರದಂತೆ ಒಂದರ ಪಕ್ಕ ಒಂದು ಹರಡುತ್ತೇನೆ. ಗಾಜಿನ ಬಳೆಗಳನ್ನು ತೆಗೆದಿಡುತ್ತೇನೆ, ಗಂಜಿ ಹಾಕಿದ ಸೀರೆ ಉಡುವುದಿಲ್ಲ; ಉಸಿರೆಳೆದಾಗಲೆಲ್ಲ ಅದು ಸಣ್ಣಗೆ ಚರಚರ ಎನ್ನುವುದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಓದುವ ಮುಂಚೆ ಕಾಫಿಯಿಲ್ಲ, ಹಾಲು ಮೊಸರಿಲ್ಲ, ಉಗುರುಬೆಚ್ಚಗಿನ ನೀರು ಮಾತ್ರ. ಬಾಯಿ ಒಣಗಿದರೆ ಒಂದೊಂದು ಪದದ ನಡುವೆಯೂ ನಾಲಿಗೆ ‘ಟಿಕ್’ ಎನ್ನುತ್ತದೆ, ಅದನ್ನು ಆಮೇಲೆ ಕಿತ್ತು ತೆಗೆಯುವುದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ.

ಇವೆಲ್ಲ ಸಿದ್ಧವಾದ ಮೇಲೆ ನಿಜವಾದ ತೊಡಕು ಎದುರಾಯಿತು. ಓದಲು ಮೊದಲು ಎತ್ತಿಕೊಂಡದ್ದು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಕವಿತೆಗಳನ್ನು. 1942ರಲ್ಲಿ ಬಂದ ಆ ಸಂಕಲನ ನಮ್ಮ ಮನೆಯಲ್ಲಿ ಹಾಳೆ ಹಳದಿಯಾಗುವಷ್ಟು ಓದಿಸಿಕೊಂಡಿದೆ. ಅದರ ದಾಂಪತ್ಯದ ಮಾತುಕತೆಗಳು ಮನೆಮಾತಿನ ದನಿಯಲ್ಲೇ ಇವೆಯೆಂಬುದು ನನ್ನ ಎಣಿಕೆಯಾಗಿತ್ತು. ಆದರೆ ಬಾಯಿ ತೆರೆದರೆ ಬರುತ್ತಿದ್ದದ್ದು ಓದಲ್ಲ. ಕ್ಯಾಸೆಟ್ಟುಗಳಲ್ಲಿ, ರೇಡಿಯೋದಲ್ಲಿ, ಮದುವೆ ಮನೆಗಳಲ್ಲಿ ಕೇಳಿ ಕೇಳಿ ಒಳಗೆ ಕೂತಿದ್ದ ಧಾಟಿ, ಮಟ್ಟು ಮಾತ್ರ ತೆಗೆದರೂ, ತನ್ನ ಏರಿಳಿತವನ್ನೂ ಎಳೆತವನ್ನೂ ಹಾಗೆಯೇ ಉಳಿಸಿಕೊಂಡಿತ್ತು. ಯಾವ ಪದವನ್ನು ಗಾಯಕರು ಎಳೆದಿದ್ದರೋ ಅದನ್ನು ನಾನೂ ಎಳೆಯುತ್ತಿದ್ದೆ, ಅವರು ಉಸಿರು ತೆಗೆದ ಕಡೆಯಲ್ಲೇ ನನ್ನ ಉಸಿರೂ ನಿಲ್ಲುತ್ತಿತ್ತು. ಪ್ರತಿ ನುಡಿ ಮುಗಿದಾಗಲೂ ಪಲ್ಲವಿಗೆ ಮರಳಬೇಕೆಂಬ ಸೆಳೆತ ಬೇರೆ, ಅಚ್ಚಿನಲ್ಲಿ ಹಾಗೆ ಮರಳುವ ಸೂಚನೆಯೇ ಇಲ್ಲದಿದ್ದರೂ. ಹಾಡಿನ ಮೇಲೆ ನನಗೆ ಸಿಟ್ಟಿಲ್ಲ. ಆ ಹಾಡುಗಳಿಲ್ಲದಿದ್ದರೆ ಎಷ್ಟೋ ಮನೆಗಳಿಗೆ ಆ ಕವಿ ತಲುಪುತ್ತಲೇ ಇರಲಿಲ್ಲ. ಆದರೂ ಅದು ಕವಿತೆಯ ಒಂದು ಓದು, ಒಂದೇ ಓದಲ್ಲ.

ಧಾಟಿಯನ್ನು ಬಿಡಿಸಿಕೊಳ್ಳಲು ಏನೇನೋ ಮಾಡಿ, ಕೊನೆಗೆ ಕೈ ಹಿಡಿದದ್ದು ಎರಡು ದಾರಿಗಳು. ಒಂದು, ಸಾಲುಗಳನ್ನು ಒಡೆಯದೆ ಇಡೀ ಕವಿತೆಯನ್ನು ಕಾಗದ ಬರೆದಂತೆ ಒಂದೇ ಪ್ಯಾರಾ ಆಗಿ ಬರೆದುಕೊಂಡು, ಗದ್ಯವೆಂದೇ ತಿಳಿದು ಓದುವುದು. ಕಣ್ಣಿಗೆ ಸಾಲು ಕಾಣದಿದ್ದಾಗ ಧಾಟಿಗೆ ಹಿಡಿತ ಸಿಗುವುದಿಲ್ಲ. ಪ್ರಾಸ ತಾನಾಗಿ ಕೇಳಿಸುತ್ತದೆ, ಅದಕ್ಕೆ ಒತ್ತು ಕೊಡಬೇಕಿಲ್ಲ. ಎರಡನೆಯದು, ಕೊನೆಯ ನುಡಿಯಿಂದ ಓದುತ್ತ ಮೇಲಕ್ಕೆ ಬರುವುದು. ಹಾಡು ನೆನಪಿನಲ್ಲಿ ಕಟ್ಟಿಕೊಂಡಿರುವುದು ಪಲ್ಲವಿಯಿಂದ, ಪಲ್ಲವಿಯೇ ಕೊನೆಗೆ ಬಂದರೆ ಅದಕ್ಕೆ ಹೊರಡಲು ಜಾಗವಿಲ್ಲ. ಹೀಗೆ ತಿರುವುಮುರುವಾಗಿ ಕೆಲವು ದಿನ ಓದಿದ ಮೇಲೆ, ಮೂಲ ಕ್ರಮದಲ್ಲಿ ಸಾಲುಗಳನ್ನು ಮತ್ತೆ ಬಿಡಿಸಿ ಬರೆದುಕೊಂಡು ಮೈಕಿನ ಮುಂದೆ ಕೂತೆ. ಆಗ ಆ ಕವಿತೆಗಳಲ್ಲಿ ಅಷ್ಟು ವರ್ಷ ನಾನು ಕೇಳಿಸಿಕೊಂಡಿರದ ಸಣ್ಣ ಸಣ್ಣ ಹುಸಿಮುನಿಸು, ಒಂದು ಪ್ರಶ್ನೆಯ ಹಿಂದಿನ ಅಳುಕು, ನಗು ತಡೆದುಕೊಂಡು ಆಡಿದ ಮಾತು ಕಿವಿಗೆ ಸಿಕ್ಕವು. ಹಾಡಿನಲ್ಲಿ ಅವು ಇಲ್ಲವೆಂದಲ್ಲ, ರಾಗದ ಸುಖದಲ್ಲಿ ಅವನ್ನು ನಾನು ಗಮನಿಸಿರಲಿಲ್ಲ.

ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ನಿವೃತ್ತ ಗಮಕದ ಮೇಷ್ಟರೊಬ್ಬರಿದ್ದಾರೆ. ಮಕ್ಕಳಿಗೆ ಈಗಲೂ ವಾರಕ್ಕೊಂದು ಪಾಠ ಹೇಳುತ್ತಾರೆ. ಹಳೆಗಾಲದ ಕಾವ್ಯವನ್ನೂ ಇದೇ ರೀತಿ ಓದಿ ನೋಡೋಣವೆಂದು ಕುಮಾರವ್ಯಾಸನ ಒಂದಷ್ಟು ಪದ್ಯ ಮುದ್ರಿಸಿ ಅವರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, ‘ನೀನು ಓದ್ತಾ ಇಲ್ಲಮ್ಮ, ಹಾಡೋಕೆ ಹೆದರ್ತಾ ಇದ್ದೀಯ’ ಎಂದರು. ನಾನು, ‘ಇಲ್ಲ ಮೇಷ್ಟ್ರೇ, ಬೇಕೆಂದೇ ಹಾಡ್ತಾ ಇಲ್ಲ’ ಎಂದೆ. ‘ಬೇಕೆಂದು ಬಿಟ್ಟಿದ್ರೆ ಬಿಟ್ಟ ಹಾಗೆ ಕೇಳಿಸಬೇಕು. ಇದು ಅಲ್ಲೂ ಇಲ್ಲ, ಇಲ್ಲೂ ಇಲ್ಲ’ ಎಂದು ಹೇಳಿ, ನಾನು ಓದಿದ್ದ ಮೊದಲ ಪದ್ಯದ ಪೂರ್ವಾರ್ಧವನ್ನೇ ತಾವು ಹಾಡಿ ತೋರಿಸಿದರು.

ವೀರನಾರಾಯಣನೆ ಕವಿ ಲಿಪಿ
ಕಾರ ಕುವರವ್ಯಾಸ ಕೇಳುವ
ಸೂರಿಗಳು ಸನಕಾದಿಗಳು ಜಂಗಮ ಜನಾರ್ದನರು

ಇದು ಭಾಮಿನಿ ಷಟ್ಪದಿ. ಮೊದಲೆರಡು ಸಾಲುಗಳಿಗೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳಂತೆ 14. ಮೂರನೆಯದಕ್ಕೆ ಅದೇ ನಡೆ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23. ಪದ್ಯದ ಅರ್ಧಕ್ಕೆ 51, ಇಡೀ ಪದ್ಯಕ್ಕೆ 102. ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ಗೊತ್ತಿರುವ ಲೆಕ್ಕ. ಆದರೆ ಮೈಕಿನ ಮುಂದೆ ಕೂತಾಗ ಈ ಲೆಕ್ಕ ಎಲ್ಲಿ ಚುಚ್ಚುತ್ತದೆಂಬುದು ಬೇರೆಯೇ. ಅರ್ಥದ ಪ್ರಕಾರ ನಿಲ್ಲಬೇಕಾದದ್ದು ‘ವೀರನಾರಾಯಣನೆ ಕವಿ’ ಎಂಬಲ್ಲಿ. ಕವಿ ಅವನು, ಕುವರವ್ಯಾಸ ಬರೆದುಕೊಳ್ಳುವವನು ಮಾತ್ರ. ಇಡೀ ಪದ್ಯದ ವಿನಯವೂ ಹೆಮ್ಮೆಯೂ ಆ ಒಂದು ನಿಲುಗಡೆಯಲ್ಲಿದೆ. ಛಂದಸ್ಸಿನ ಪ್ರಕಾರ ‘ಕವಿಲಿಪಿ’ ಎಂಬುದು ನಾಲ್ಕು ಮಾತ್ರೆಗಳ ಒಂದೇ ಗಣ, ನಡುವೆ ಬಿರುಕು ಬಿಡುವಂತಿಲ್ಲ. ಸಾಲು ಮುಗಿಯುವುದು ‘ಲಿಪಿ’ ಎಂಬಲ್ಲಿ, ಅಲ್ಲಿ ಅರ್ಥದಲ್ಲಿ ನಿಲುಗಡೆಯೇ ಇಲ್ಲ. ‘ಕಾರ’ ಮುಂದಿನ ಸಾಲಿಗೆ ಹೋಗಿ ಕೂತಿದೆ. ಗಮಕಿಗೆ ಇದು ಕಷ್ಟವಲ್ಲ. ‘ಕವಿ’ಯ ಮೇಲೆ ಸ್ವರವನ್ನು ಒಂದಿಷ್ಟು ಮೇಲೇರಿಸಿ, ‘ಲಿಪಿಕಾರ’ದಲ್ಲಿ ಕೆಳಗಿಳಿಸಿ, ಗಣವನ್ನು ಮುರಿಯದೆಯೇ ಅರ್ಥವನ್ನು ಬೇರ್ಪಡಿಸುತ್ತಾನೆ. ರಾಗ ಬಿಟ್ಟವಳ ಕೈಯಲ್ಲಿ ಆ ಏಣಿ ಇಲ್ಲ.

ನಾನು ಮೂರು ಬಗೆಯಲ್ಲಿ ಓದಿ ಮುದ್ರಿಸಿ, ಒಂದರ ಕೆಳಗೊಂದಿಟ್ಟು ಕೇಳಿದೆ. ಮಾತ್ರೆಯನ್ನೇ ಹಿಡಿದು ಓದಿದ್ದು ಮಗ್ಗಿ ಒಪ್ಪಿಸಿದಂತಿತ್ತು. ‘ಕವಿ’ಯ ನಂತರ ಪೂರಾ ನಿಲ್ಲಿಸಿ, ಅರ್ಥವನ್ನೇ ಹಿಡಿದು ಓದಿದ್ದು ಸ್ಪಷ್ಟವಾಗಿತ್ತು, ಆದರೆ ಪದ್ಯ ಕುಂಟಿತು, ಕಿವಿ ಕಾಯುತ್ತಿದ್ದ ಹೆಜ್ಜೆ ತಪ್ಪಿ ಮುಂದಿನ ಸಾಲು ಬೇರೆ ಯಾವುದೋ ಪದ್ಯದ್ದೆಂಬಂತೆ ಕೇಳಿಸಿತು. ಮೂರನೆಯ ಸಲ, ಉಸಿರನ್ನು ನಿಲ್ಲಿಸದೆ, ‘ಕವಿ’ಯನ್ನು ಸ್ವಲ್ಪ ಗಟ್ಟಿಯಾಗಿಯೂ ‘ಲಿಪಿಕಾರ’ವನ್ನು ಸ್ವಲ್ಪ ಮೆಲ್ಲಗೂ ಹೇಳಿದೆ. ಗಣ ಉಳಿಯಿತು, ಅರ್ಥವೂ ಬೇರ್ಪಟ್ಟಿತು. ಅಂದರೆ ಗಮಕಿ ಸ್ವರದ ಎತ್ತರದಲ್ಲಿ ಮಾಡುವುದನ್ನು ಓದುವವಳು ದನಿಯ ಗಾತ್ರದಲ್ಲಿ ಮಾಡಬೇಕು. ಅದಕ್ಕಾಗಿ ದನಿಗೆ ಗಾತ್ರದ ಸಣ್ಣ ಸಣ್ಣ ಮೆಟ್ಟಿಲುಗಳು ಇರಬೇಕು. ತರಗತಿಯಲ್ಲಿ ಎಂಬತ್ತು ಮಕ್ಕಳಿಗೆ ಕೇಳುವಂತೆ ಒಂದೇ ಮಟ್ಟದಲ್ಲಿ ಕೂಗಿ ಅಭ್ಯಾಸವಾದ ನನ್ನ ಗಂಟಲಿಗೆ ಅದನ್ನು ಕಲಿಸುವುದೇ ಮುಖ್ಯ ಸಾಧನೆಯಾಯಿತು. ಕೊನೆಯ ‘ರು’ವಿನ ವಿಷಯದಲ್ಲಿ ಮೇಷ್ಟರಿಗೂ ನನಗೂ ಈಗಲೂ ಒಮ್ಮತವಿಲ್ಲ. ಅದು ಎರಡು ಮಾತ್ರೆಯ ಗುರುವಾಗಿ ನಿಲ್ಲಬೇಕು, ಕೇಳುಗ ಅಲ್ಲಿ ಕಾಲೂರುತ್ತಾನೆ ಎಂಬುದು ಅವರ ವಾದ. ಓದಿನಲ್ಲಿ ಅದನ್ನು ಎಳೆದರೆ ಗಮಕದ ತುಣುಕೊಂದು ಉಳಿದುಹೋದಂತೆ ಕೇಳುತ್ತದೆ ಎಂಬುದು ನನ್ನದು. ಈಗ ನಾನು ‘ರು’ವನ್ನು ಚಿಕ್ಕದಾಗಿಯೇ ಹೇಳಿ, ಉಳಿದ ಒಂದು ಮಾತ್ರೆಯನ್ನು ಮೌನಕ್ಕೆ ಬಿಡುತ್ತೇನೆ.

ಎಲ್ಲ ಷಟ್ಪದಿಯೂ ಒಂದೇ ಬಗೆಯಲ್ಲಿ ಕಾಡುವುದಿಲ್ಲ. ಲಕ್ಷ್ಮೀಶನ ವಾರ್ಧಕದಲ್ಲಿ ಗಣಕ್ಕೆ ಐದು ಮಾತ್ರೆ. ಆ ಲಾಲಿತ್ಯ ಓದುವವಳನ್ನು ಬೇಗ ತೂಗಲು ಶುರುಮಾಡುತ್ತದೆ, ನಾಲ್ಕು ಪದ್ಯ ಕಳೆಯುವಷ್ಟರಲ್ಲಿ ಅರ್ಥವನ್ನು ಮರೆತು ನಡೆಯನ್ನಷ್ಟೇ ಓದುತ್ತಿರುತ್ತೇವೆ. ಅಲ್ಲಿ ಪ್ರತಿ ಪದ್ಯವನ್ನೂ ಬೇರೆ ಬೇರೆಯಾಗಿ, ನಡುವೆ ಎದ್ದು ಓಡಾಡಿ ಬಂದು ಮುದ್ರಿಸುವುದು ಒಳ್ಳೆಯದು. ಗೋಪಾಲಕೃಷ್ಣ ಅಡಿಗರಂಥವರ ನವ್ಯ ಕವಿತೆಗಳಲ್ಲಿ ತೊಡಕು ತಿರುವುಮುರುವು. ಅಲ್ಲಿ ಒರಗಿಕೊಳ್ಳಲು ಗಣವಿಲ್ಲ, ವಾಕ್ಯ ಸಾಲಿನಿಂದ ಸಾಲಿಗೆ ಹರಿಯುತ್ತದೆ. ಸಾಲಿನ ಕೊನೆಯಲ್ಲಿ ನಿಂತರೆ ವಾಕ್ಯ ತುಂಡಾಗುತ್ತದೆ, ನಿಲ್ಲದಿದ್ದರೆ ಅದು ಕವಿತೆಯೆಂಬುದೇ ಕಿವಿಗೆ ಗೊತ್ತಾಗುವುದಿಲ್ಲ. ಬೇಂದ್ರೆಯವರನ್ನು ಓದಲು ಹೋದಾಗ ನನ್ನ ಮೈಸೂರು ನಾಲಿಗೆ ಅಡ್ಡ ಬಂತು. ಧಾರವಾಡದ ಮಾತಿನಲ್ಲಿ ಪದದ ಕೊನೆಯ ಸ್ವರ ಬೀಳುವ ಬಗೆ, ಎಳೆಯುವ ಬಗೆ ನಮ್ಮ ಕಡೆಯದಲ್ಲ. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ ಅವರು ಓದಿದ ‘ಹಕ್ಕಿ ಹಾರುತಿದೆ ನೋಡಿದಿರಾ’ ಗ್ರಾಂಥಿಕ ಕನ್ನಡಕ್ಕೆ ಹತ್ತಿರದ್ದು, ಅದನ್ನು ಯಾರಾದರೂ ಓದಬಹುದು. ಆದರೆ ಧಾರವಾಡದ ಆಡುಮಾತಿನಲ್ಲೇ ಮೈದಾಳಿದ ಕವಿತೆಗಳನ್ನು ಆ ಕಡೆಯವರೇ ಓದಬೇಕೆಂದು ನನಗೆ ಮನವರಿಕೆಯಾಗಿದೆ. ಹುಬ್ಬಳ್ಳಿಯಿಂದ ಬಂದ ಸಹೋದ್ಯೋಗಿಯೊಬ್ಬರು ಅಂಥದ್ದೊಂದನ್ನು ನಮ್ಮ ಬೀರುವಿನ ಮುಂದೆ ಕೂತು ಓದಿಕೊಟ್ಟರು. ಅದನ್ನು ಕೇಳಿದ ಮೇಲೆ ನಾನು ಓದಿದ್ದ ಕಡತವನ್ನು ಅಳಿಸಿದೆ.

ಓದುವ ಹಾಳೆಯ ಮೇಲೆ ನನ್ನದೇ ಗುರುತುಗಳಿವೆ: ಉಸಿರಿಗೆ ಒಂದು ಗೀಟು, ಪೂರ್ಣ ನಿಲುಗಡೆಗೆ ಎರಡು, ದನಿ ತಗ್ಗಬೇಕಾದ ಪದದ ಕೆಳಗೆ ಚುಕ್ಕಿ. ಪದ ತೊದಲಿದರೆ ಮುದ್ರಣವನ್ನು ನಿಲ್ಲಿಸುವುದಿಲ್ಲ. ಒಂದು ಚಪ್ಪಾಳೆ ತಟ್ಟಿ, ಆ ನುಡಿಯ ಆರಂಭಕ್ಕೆ ಹೋಗಿ ಮತ್ತೆ ಓದುತ್ತೇನೆ. ಕಂಪ್ಯೂಟರಿನ ಪರದೆಯ ಮೇಲೆ ದನಿಯ ಅಲೆಗಳನ್ನು ನೋಡುವಾಗ ಚಪ್ಪಾಳೆ ಎತ್ತರದ ಕಡ್ಡಿಯ ಹಾಗೆ ಎದ್ದು ಕಾಣುವುದರಿಂದ ಎಲ್ಲಿ ಕತ್ತರಿಸಬೇಕೆಂದು ಹುಡುಕಬೇಕಾಗುವುದಿಲ್ಲ. ತೊದಲಿದ ಪದವನ್ನಷ್ಟೇ ಮತ್ತೆ ಹೇಳಿ ಅಂಟಿಸುವುದು ಕೆಲಸಕ್ಕೆ ಬಾರದು, ಆ ಪದ ನೆರೆಹೊರೆಯೊಂದಿಗೆ ಬೆರೆಯದೆ ತೇಪೆಯಾಗಿಯೇ ಉಳಿಯುತ್ತದೆ. ಇಡೀ ನುಡಿಯನ್ನೇ ಓದಬೇಕು.

ಕತ್ತರಿಸಿ ಜೋಡಿಸುವುದಕ್ಕೆ ಬಳಸುವುದು ಆಡಾಸಿಟಿ ಎಂಬ ಉಚಿತ ತಂತ್ರಾಂಶ. ಮುದ್ರಿಸುವಾಗ ದನಿಯ ಶಿಖರಗಳು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರುವಂತೆ ನೋಡಿಕೊಂಡರೆ ಎಲ್ಲಿಯೂ ದನಿ ಒಡೆಯುವುದಿಲ್ಲ. ಕೊನೆಯಲ್ಲಿ ಮೈನಸ್ 3ಕ್ಕೆ ಏರಿಸಬಹುದು. ಯಾರೂ ಮಾತಾಡದಿರುವಾಗಿನ ಕೋಣೆಯ ಸದ್ದು ಮೈನಸ್ 60 ಡೆಸಿಬೆಲ್ಲಿಗಿಂತ ಕೆಳಗಿರಬೇಕೆಂಬುದು ಆಡಿಯೋ ಪುಸ್ತಕ ಮಾಡುವವರ ಅಳತೆ. ನಮ್ಮ ಮನೆಯಲ್ಲಿ ಅದು ಮಧ್ಯಾಹ್ನಗಳಲ್ಲಿ ಮಾತ್ರ ಸಾಧ್ಯ. ಸೆಕೆಂಡಿಗೆ 44,100 ಮಾದರಿಗಳಂತೆ, 16 ಬಿಟ್‌ನಲ್ಲಿ, ಒಂದೇ ಚಾನೆಲ್ಲಿನಲ್ಲಿ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ. ಮೂಲ ಕಡತವನ್ನು ಹಾಗೆಯೇ ಇಟ್ಟುಕೊಂಡು ಎಂಪಿ3 ಮಾಡಿದ್ದನ್ನು ಮಾತ್ರ ಇತರರಿಗೆ ಕಳಿಸುತ್ತೇನೆ. 80 ಹರ್ಟ್ಸಿಗಿಂತ ತಗ್ಗಿನದನ್ನು ಹೈ-ಪಾಸ್ ಫಿಲ್ಟರಿನಿಂದ ತೆಗೆದುಹಾಕಿದರೆ ದೂರದ ಲಾರಿಯ ಗುಡುಗು ಹೋಗುತ್ತದೆ, ನನ್ನ ದನಿಗೆ ಅದರಿಂದ ನಷ್ಟವಿಲ್ಲ. ಸದ್ದು ತಗ್ಗಿಸುವ ಸಾಧನಗಳನ್ನು ಮಾತ್ರ ಕೈ ಬಿಗಿಹಿಡಿದು ಬಳಸಬೇಕು. ಅತಿಯಾದರೆ ‘ಸ’, ‘ಶ’, ‘ಷ’ಗಳ ಅಂಚು ಕರಗಿ ನೀರಿನೊಳಗಿಂದ ಮಾತಾಡಿದಂತಾಗುತ್ತದೆ.

ಉಸಿರಿನ ಸದ್ದನ್ನು ಪೂರ್ತಿ ಅಳಿಸುವವರಿದ್ದಾರೆ. ನಾನೂ ಮಾಡಿ ನೋಡಿದೆ. ಮನುಷ್ಯರಲ್ಲದ ಯಾರೋ ಓದಿದಂತೆ ಕೇಳಿಸಿತು. ನುಡಿಯ ನಡುವಿನ ಉಸಿರನ್ನು ತಗ್ಗಿಸುತ್ತೇನೆ, ನುಡಿಯ ಆರಂಭದ ಉಸಿರನ್ನು ಮುಟ್ಟುವುದಿಲ್ಲ. ಎರಡು ನುಡಿಗಳ ನಡುವೆ ಎಷ್ಟು ಮೌನವಿರಬೇಕೆಂಬುದನ್ನು ಪರದೆಯ ಮೇಲಿನ ಸೆಕೆಂಡುಗಳಿಂದ ಅಳೆಯಲಾಗದು, ಕಣ್ಣು ಮುಚ್ಚಿ ಕೇಳಿಯೇ ತೀರ್ಮಾನಿಸಬೇಕು. ಆ ಮೌನವನ್ನು ತುಂಬಲು ತಂತ್ರಾಂಶದ ಶೂನ್ಯವನ್ನು ಬಳಸಿದರೆ ವಿದ್ಯುತ್ತು ಹೋದಂತೆ ಥಟ್ಟನೆ ಕಿವಿ ಕಟ್ಟುತ್ತದೆ. ಅದಕ್ಕಾಗಿ ಪ್ರತಿ ಸಲ ಓದುವ ಮುನ್ನ ಅರ್ಧ ನಿಮಿಷ ಸುಮ್ಮನೆ ಕೂತು ಆ ಹೊತ್ತಿನ ಕೋಣೆಯ ಸದ್ದನ್ನು ಮುದ್ರಿಸಿಕೊಂಡು, ಬೇಕಾದಲ್ಲಿ ಅದನ್ನೇ ಹಾಕುತ್ತೇನೆ.

ಯಾರಿಗೆ ಕಳಿಸಬಹುದು, ಯಾರಿಗೆ ಬಾರದು ಎಂಬುದೂ ತಿಳಿಯಬೇಕಾದ ಸಂಗತಿ. ನಮ್ಮ ಕಾನೂನಿನ ಪ್ರಕಾರ ಕವಿ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರು ಬಹಳ ಹಿಂದೆಯೇ ಎಲ್ಲರಿಗೂ ಮುಕ್ತವಾಗಿದ್ದಾರೆ; 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳು 2024ರ ಜನವರಿಯಿಂದ. ಬೇಂದ್ರೆಯವರಿಗೆ 2041ರ ಕೊನೆಯವರೆಗೆ, ಕುವೆಂಪು ಅವರಿಗೆ 2054ರವರೆಗೆ, ನರಸಿಂಹಸ್ವಾಮಿಯವರಿಗೆ 2063ರವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಆದ್ದರಿಂದ ‘ಮೈಸೂರ ಮಲ್ಲಿಗೆ’ಯ ಓದು ನಮ್ಮ ಮನೆಯ ಬಳಕೆಗಷ್ಟೇ ಇದೆ. ಹಳೆಯ ಕಾವ್ಯಗಳು ಮುಕ್ತವಾಗಿದ್ದರೂ ಈಚಿನ ಸಂಪಾದಕರು ಬರೆದ ಗದ್ಯಾನುವಾದ, ಟಿಪ್ಪಣಿಗಳು ಹಾಗಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ಜಿಲ್ಲೆಯ ಹಿರಿಯ ಕವಿಯೊಬ್ಬರು ತಮ್ಮ ಕವಿತೆಗಳನ್ನು ಓದಲು ಸಂತೋಷದಿಂದ ಒಪ್ಪಿದರು. ಮುದ್ರಿಸಿ ಕಳಿಸಿದ ಮೇಲೆ ಫೋನು ಮಾಡಿ, ‘ಎರಡನೇ ನುಡಿಯಲ್ಲಿ ನಾನು ನಿಲ್ಲದ ಕಡೆ ನೀವು ನಿಂತಿದ್ದೀರಿ’ ಎಂದರು. ತಿದ್ದಿ ಕಳಿಸಲೇ ಎಂದು ಕೇಳಿದ್ದಕ್ಕೆ, ‘ಬೇಡ, ನಿಂತದ್ದು ನಿಂತದ್ದೇ, ಇರಲಿ’ ಎಂದುಬಿಟ್ಟರು.

ಈಗ ಮೇಷ್ಟರು ಹೊಸದೊಂದು ಕೆಲಸ ಹಚ್ಚಿದ್ದಾರೆ. ಉತ್ತರ ಗೋಗ್ರಹಣದ ಭಾಗವನ್ನು ತೆಗೆದುಕೊಂಡು ಪ್ರತಿ ಪದ್ಯವನ್ನೂ ಮೊದಲು ಅವರು ಹಾಡುವುದು, ಅದೇ ಪದ್ಯವನ್ನು ನಾನು ರಾಗವಿಲ್ಲದೆ ಓದುವುದು. ವ್ಯಾಖ್ಯಾನ ಬೇಡ, ಎರಡನ್ನೂ ಕೇಳಿದವರಿಗೆ ಅರ್ಥ ತಾನೇ ಆಗುತ್ತದೆ ಎಂಬುದು ಅವರ ಭರವಸೆ. ಉತ್ತರಕುಮಾರನ ಬಡಾಯಿಯನ್ನು ಅವರು ಹಾಡುವಾಗ ದನಿ ಥಟ್ಟನೆ ಏರುವುದರಿಂದ ಅವರಿಗೆ ಮೈಕು ಎರಡು ಗೇಣು ದೂರ ಬೇಕು, ನನಗೆ ಒಂದೇ ಗೇಣು. ಒಂದೇ ಮೈಕಿನಲ್ಲಿ, ಬೀರುವಿನ ಮುಂದಿನ ಅಷ್ಟಗಲ ಜಾಗದಲ್ಲಿ ಇಬ್ಬರೂ ಜಾಗ ಬದಲಿಸುತ್ತ ಕೂತರೆ ಕುರ್ಚಿ ಎಳೆಯುವ ಸದ್ದೇ ಹೆಚ್ಚು. ಸದ್ಯಕ್ಕೆ ಅವರ ಪದ್ಯಗಳನ್ನೆಲ್ಲ ಒಂದು ಭಾನುವಾರ, ನನ್ನವನ್ನು ಮುಂದಿನ ಭಾನುವಾರ ಮುದ್ರಿಸಿ ಆಮೇಲೆ ಹೆಣೆಯುತ್ತಿದ್ದೇವೆ. ಆದರೆ ಹಾಗೆ ಮಾಡಿದಾಗ ಅವರು ಬಿಟ್ಟ ಲಯವನ್ನು ನಾನು ಎತ್ತಿಕೊಳ್ಳುವುದು ಸರಿಹೋಗುತ್ತಿಲ್ಲವೆಂದು ಅವರ ದೂರು. ಎರಡನೆಯ ಮೈಕು ತರೋಣವೆಂದರೆ, ‘ದುಡ್ಡು ಯಾಕಮ್ಮ ಹಾಳು ಮಾಡ್ತೀಯ, ನಾನೇ ನಿಂತ್ಕೊಂಡು ಹಾಡ್ತೀನಿ, ನೀನು ಕೂತ್ಕೊಂಡು ಓದು’ ಎನ್ನುತ್ತಿದ್ದಾರೆ. ಮುಂದಿನ ರಜೆಯಲ್ಲಿ ಹಾಗೆಯೇ ಮಾಡಿ ನೋಡುವುದೆಂದು ಆಗಿದೆ.